77 ಸೆಂಟಿನ ಲೆಕ್ಕ: ಹವಾಯಿಯ ಕಬ್ಬಿನ ತೋಟಗಳಲ್ಲಿ ಫಿಲಿಪಿನೊ ಆಳುಗಳ ಹೋರಾಟ

1920ರಲ್ಲಿ ಹವಾಯಿಯ ಕಬ್ಬಿನ ತೋಟದಲ್ಲಿ ಗಂಡಾಳಿನ ದಿನಗೂಲಿ 77 ಸೆಂಟು. ತಿಂಗಳಿಗೆ 26 ದಿನ ತಪ್ಪದೆ ದುಡಿದರೆ 20 ಡಾಲರ್ 2 ಸೆಂಟು ಕೈಗೆ ಬರುತ್ತಿತ್ತು. ಹೊಲದಲ್ಲಾದರೆ ದಿನಕ್ಕೆ 10 ಗಂಟೆ, ಗಿರಣಿಯಲ್ಲಾದರೆ 12 ಗಂಟೆ ಕೆಲಸ. ಅದೇ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಕಚ್ಚಾ ಸಕ್ಕರೆಯ ಬೆಲೆ ಪೌಂಡಿಗೆ 20 ಸೆಂಟು ದಾಟಿತ್ತು. ಕಬ್ಬು ಕಡಿದು, ಹೊರೆ ಹೊತ್ತು ಬೆನ್ನು ಬಾಗಿಸಿದವನ ಇಡೀ ದಿನದ ದುಡಿಮೆಗೆ ನಾಲ್ಕು ಪೌಂಡ್ ಸಕ್ಕರೆಯೂ ಬರುತ್ತಿರಲಿಲ್ಲ.

ಈ ಲೆಕ್ಕ ಆಳುಗಳಿಗೆ ಗೊತ್ತಿತ್ತು. ಗೊತ್ತಿದ್ದೇ 1920ರಲ್ಲಿ ಮುಷ್ಕರ ಹೂಡಿ ಸೋತರು. 1924ರಲ್ಲಿ ಮತ್ತೆ ಹೂಡಿದಾಗ ಸೋತಿದ್ದಷ್ಟೇ ಅಲ್ಲ, ಒಂದೇ ದಿನ ಅವರ 16 ಹೆಣ ಬಿದ್ದವು. 1937ರಲ್ಲಿ ಅರ್ಧ ಗೆದ್ದರು. 1946ರಲ್ಲಿ ತೋಟದ ಬದುಕಿನ ಬುಡವನ್ನೇ ಅಲುಗಾಡಿಸಿದರು. 1924ರವರಿಗೆ ಧೈರ್ಯ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಹಾಗಾದರೆ ಆ 22 ವರ್ಷಗಳಲ್ಲಿ ಬದಲಾದದ್ದೇನು? ಅದು ತಿಳಿಯಬೇಕಾದರೆ ಮಾಲೀಕರ ಕೈಯಲ್ಲಿ ಯಾವ ಯಾವ ಹಗ್ಗಗಳಿದ್ದವು, ಅವು ಒಂದೊಂದಾಗಿ ಹೇಗೆ ಜಾರಿದವು ಎಂದು ನೋಡಬೇಕು.

ಫಿಲಿಪಿನೊಗಳೇ ಏಕೆ ಬೇಕಾದರು?

ಹವಾಯಿಯ ಸಕ್ಕರೆ ಉದ್ಯಮ ಐದು ವ್ಯಾಪಾರಿ ಮನೆತನಗಳ ಹಿಡಿತದಲ್ಲಿತ್ತು: ಕ್ಯಾಸಲ್ ಅಂಡ್ ಕುಕ್, ಅಲೆಕ್ಸಾಂಡರ್ ಅಂಡ್ ಬಾಲ್ಡ್ವಿನ್, ಸಿ. ಬ್ರೂವರ್, ಅಮೆರಿಕನ್ ಫ್ಯಾಕ್ಟರ್ಸ್, ಥಿಯೊ ಎಚ್. ಡೇವಿಸ್. ಜನ ಇವುಗಳನ್ನು ‘ಬಿಗ್ ಫೈವ್’ ಎನ್ನುತ್ತಿದ್ದರು. ತೋಟಗಳೆಲ್ಲ ಸೇರಿ 1895ರಲ್ಲಿ ಹವಾಯಿ ಸಕ್ಕರೆ ತೋಟಗಾರರ ಸಂಘ ಕಟ್ಟಿಕೊಂಡಿದ್ದವು. ಆಳು ತರುವುದು, ಕೂಲಿ ಗೊತ್ತುಮಾಡುವುದು ಎಲ್ಲ ಆ ಸಂಘದ ಕೆಲಸ. ಆದ್ದರಿಂದ ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋದರೂ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಅದೇ ಕೂಲಿ.

ಮೊದಲು ಚೀನೀಯರನ್ನು ತಂದರು. 1898ರಲ್ಲಿ ಹವಾಯಿ ಅಮೆರಿಕದ ಪಾಲಾದಾಗ, ಚೀನೀಯರು ಬರಬಾರದೆಂಬ 1882ರ ಅಮೆರಿಕನ್ ಕಾನೂನು ಅಲ್ಲಿಗೂ ಬಂತು. ಜಪಾನೀಯರನ್ನು ತಂದರು. 1907-08ರ ಅಮೆರಿಕ–ಜಪಾನ್ ಒಪ್ಪಂದ ಆ ದಾರಿಯನ್ನೂ ಮುಚ್ಚಿತು. ಉಳಿದ ಬಾಗಿಲು ಒಂದೇ. 1898ರಲ್ಲೇ ಸ್ಪೇನಿನಿಂದ ಅಮೆರಿಕದ ಕೈಸೇರಿದ್ದ ಫಿಲಿಪೀನ್ಸ್.

ಇಲ್ಲೊಂದು ಕಾನೂನಿನ ಚಮತ್ಕಾರವಿದೆ. ಅಮೆರಿಕದ ಕಣ್ಣಲ್ಲಿ ಫಿಲಿಪಿನೊ ಪರದೇಶಿಯಲ್ಲ, ನಾಗರಿಕನೂ ಅಲ್ಲ. ‘ನ್ಯಾಷನಲ್’ ಎಂಬ ನಡುವಿನ ಜಾತಿ. ಪರದೇಶಿ ಅಲ್ಲದ್ದರಿಂದ ವಲಸೆ ಕಾನೂನು ತಡೆಯುವಂತಿಲ್ಲ. ನಾಗರಿಕ ಅಲ್ಲದ್ದರಿಂದ ಓಟು ಇಲ್ಲ. ತೋಟದ ಮಾಲೀಕನಿಗೆ ಇದಕ್ಕಿಂತ ಅನುಕೂಲದ ಆಳು ಸಿಗುವುದು ಕಷ್ಟ.

ಮೊದಲ ತಂಡದಲ್ಲಿ ಇದ್ದವರು 15 ಜನ, ಇಲೊಕೊಸ್ ಸುರ್ ಪ್ರಾಂತ್ಯದ ಕಾಂದೊನ್ ಊರಿನವರು. 1906ರ ಡಿಸೆಂಬರ್ 20ರಂದು ‘ಡೊರಿಕ್’ ಹಡಗಿನಲ್ಲಿ ಹೊನೊಲುಲು ತಲುಪಿದರು. ಅವರನ್ನು ಓಲಾ ತೋಟಕ್ಕೆ ಕಳಿಸಲಾಯಿತು. ಆಮೇಲೆ ಎರಡು ಮೂರು ವರ್ಷ ಬಂದವರು ಬೆರಳೆಣಿಕೆಯಷ್ಟು. 1909ರಲ್ಲಿ ಸುಮಾರು 7,000 ಜಪಾನಿ ಆಳುಗಳು ಮುಷ್ಕರ ಹೂಡಿದರು. ಒಂದೇ ಕೆಲಸಕ್ಕೆ ಪೋರ್ಚುಗೀಸನಿಗೆ ತಿಂಗಳಿಗೆ ಇಪ್ಪತ್ತೆರಡೂವರೆ ಡಾಲರ್, ಜಪಾನಿಗೆ 18 ಡಾಲರ್ ಏಕೆ ಎಂಬುದು ಅವರ ಪ್ರಶ್ನೆ. ಮಾಲೀಕರು ಇದರಿಂದ ಕಲಿತ ಪಾಠ ಬೇರೆಯೇ: ಒಂದೇ ಜನಾಂಗದವರನ್ನು ನೆಚ್ಚಿಕೊಳ್ಳಬಾರದು. ಅಲ್ಲಿಂದ ಮುಂದೆ ಫಿಲಿಪಿನೊಗಳು ಸಾವಿರಗಟ್ಟಲೆ ಬಂದರು. 1906ರಿಂದ 1946ರವರೆಗೆ ಬಂದವರು ಸುಮಾರು ಒಂದೂಕಾಲು ಲಕ್ಷ.

ಇವರಿಗೆ ‘ಸಕಾದ’ ಎಂದು ಹೆಸರು. ಫಿಲಿಪೀನ್ಸಿನ ನೆಗ್ರೋಸ್ ದ್ವೀಪದಲ್ಲಿ ಹಂಗಾಮಿಗೆ ಬಂದು ಕಬ್ಬು ಕಡಿಯುವವರಿಗೂ ಇದೇ ಹೆಸರಿರುವುದರಿಂದ ಓದುವಾಗ ಎರಡನ್ನೂ ಬೆರೆಸಿಕೊಳ್ಳಬಾರದು. ಮೊದಮೊದಲು ವಿಸಾಯಾ ದ್ವೀಪಗಳಿಂದ ಹೆಚ್ಚು ಜನ, ಆಮೇಲೆ ಲುಜೋನ್ ದ್ವೀಪದ ವಾಯವ್ಯ ಅಂಚಿನ ಇಲೊಕೊಸ್ ಸೀಮೆಯಿಂದ. ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕ ಕಿರಿದಾದ ನೆಲ, ಮನೆಗೊಂದು ತುಂಡು ಹೊಲ, ಜನ ಮಾತ್ರ ಕಿಕ್ಕಿರಿದು. ಆಳು ಆರಿಸುವವರು ಮೊದಲು ನೋಡುತ್ತಿದ್ದದ್ದು ಅಂಗೈ. ಜಡ್ಡುಗಟ್ಟಿದ ಕೈಯಾದರೆ ಸೈ, ನುಣುಪು ಕೈಯವನು ವಾಪಸು. ಓದುಬರಹ ಬಲ್ಲವನು ತಕರಾರು ತೆಗೆಯುತ್ತಾನೆ ಎಂಬ ಅಳುಕು. ತರುತ್ತಿದ್ದದ್ದೂ ಹೆಚ್ಚಾಗಿ ಒಂಟಿ ಗಂಡಸರನ್ನೇ. ಹೆಂಡತಿ ಮಕ್ಕಳಿದ್ದರೆ ಮನೆ ದೊಡ್ಡದು ಬೇಕು, ಖರ್ಚು ಹೆಚ್ಚು.

ಕೂಲಿಯ ಮೂರು ತುಂಡು

77 ಸೆಂಟು ಎನ್ನುವುದು ಕೂಲಿಯ ಒಂದು ತುಂಡು ಮಾತ್ರ. ಎರಡನೆಯದು ಬೋನಸ್. ನ್ಯೂಯಾರ್ಕಿನ ಸಕ್ಕರೆ ಬೆಲೆ ಏರಿದಂತೆ ಇಷ್ಟು ಶೇಕಡಾ ಎಂದು ಕೊಡುವ ಹಣ. ಕೇಳಲು ಸೊಗಸು. ಆದರೆ ಗಂಡಸು ತಿಂಗಳಿಗೆ ಕನಿಷ್ಠ 20 ದಿನ, ಹೆಂಗಸು 15 ದಿನ ಹಾಜರಿ ಹಾಕದಿದ್ದರೆ ಬೋನಸ್ ಸೊನ್ನೆ. ಜ್ವರ ಬಂದು 19 ದಿನ ದುಡಿದವನಿಗೂ ಅಷ್ಟೆ. ಹೀಗಾಗಿ ಅದು ಲಾಭದ ಪಾಲಾಗಿರಲಿಲ್ಲ, ಆಳು ರಜೆ ಹಾಕದಂತೆ ಕಟ್ಟಿದ ಗೂಟವಾಗಿತ್ತು. ಬೆಲೆ ಇಳಿದ ವರ್ಷ ಬೋನಸ್ಸೂ ಇಳಿಯುವುದರಿಂದ ಪೇಟೆಯ ಏರಿಳಿತ ಆಳಿನ ತಲೆಗೂ ಬರುತ್ತಿತ್ತು.

ಮೂರನೆಯ ತುಂಡು ಹಣವಲ್ಲ. ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆ, ಸೌದೆ, ನೀರು, ತೋಟದ ಆಸ್ಪತ್ರೆ. ಇವೆಲ್ಲ ಪುಕ್ಕಟೆ ಎಂದು ಮಾಲೀಕರು ಹೇಳಿಕೊಳ್ಳುತ್ತಿದ್ದರು, ಕೂಲಿಯ ಮಾತೆತ್ತಿದಾಗಲೆಲ್ಲ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ ಎನ್ನುತ್ತಿದ್ದರು. ಇಡೀ ಹೋರಾಟದ ಕೀಲಿ ಇರುವುದು ಈ ಪುಕ್ಕಟೆಯಲ್ಲೇ ಎಂಬುದು ನನ್ನ ಅಭಿಪ್ರಾಯ. ಮನೆ ಕೂಲಿಯ ಭಾಗವಾದರೆ, ಕೆಲಸ ನಿಲ್ಲಿಸಿದ ದಿನವೇ ಮನೆಯ ಹಕ್ಕೂ ನಿಂತಿತು ಎಂದರ್ಥ.

ದಿನಚರಿಯ ಪದಗಳನ್ನು ಕೇಳಿದರೆ ತೋಟ ಎಷ್ಟು ಭಾಷೆಗಳ ಸಂತೆಯಾಗಿತ್ತೆಂದು ತಿಳಿಯುತ್ತದೆ. ಮೇಸ್ತ್ರಿಗೆ ‘ಲುನಾ’, ಹವಾಯಿ ಮಾತು. ಆಳಿನ ಕೊರಳಿಗೋ ಸೊಂಟಕ್ಕೋ ಕಟ್ಟಿದ ಹಿತ್ತಾಳೆ ಬಿಲ್ಲೆಗೆ ‘ಬಾಂಗೊ’, ಸಂಖ್ಯೆ ಎಂಬ ಅರ್ಥದ ಜಪಾನಿ ಮಾತು. ಹಾಜರಿ, ಬಟವಾಡೆ, ತೋಟದ ಅಂಗಡಿಯ ಸಾಲ ಎಲ್ಲ ಆ ಸಂಖ್ಯೆಯ ಮೇಲೆ. ಹೆಸರು ಯಾರಿಗೂ ಬೇಕಿರಲಿಲ್ಲ. ಕಡಿದ ಕಬ್ಬಿನ ಹೊರೆ ಹೊರುವುದು ‘ಹಾಪಯ್ ಕೊ’. ಗೊತ್ತುಮಾಡಿದ ಕೆಲಸ ಮುಗಿದೊಡನೆ ಮನೆಗೆ ಹೋಗಬಹುದಾದ ಗುತ್ತಿಗೆ ‘ಉಕು ಪವ್’. ಬೇಗ ಮುಗಿಸುವ ಆಸೆಗೆ ಚುರುಕಿನವರು ಓಡುತ್ತಿದ್ದರು; ಮರುದಿನ ಲುನಾ ಅದೇ ಓಟವನ್ನು ಎಲ್ಲರಿಗೂ ಅಳತೆಗೋಲು ಮಾಡಬಹುದಿತ್ತು.

1920: ಎತ್ತು ಏರಿಗೆ, ಕೋಣ ನೀರಿಗೆ

ಪಾಬ್ಲೊ ಮನ್ಲಪಿತ್ 1910ರಲ್ಲಿ ತೋಟದ ಆಳಾಗಿ ಬಂದವರು. ಓದಿಕೊಂಡು 1919ರಲ್ಲಿ ವಕೀಲರಾದರು. ಹವಾಯಿಯಲ್ಲಿ ವಕೀಲರಾದ ಮೊದಲ ಫಿಲಿಪಿನೊ ಅವರೇ. ಅವರು ಕಟ್ಟಿದ ಫಿಲಿಪಿನೊ ಕಾರ್ಮಿಕ ಸಂಘ, ಜಪಾನೀ ಕಾರ್ಮಿಕ ಒಕ್ಕೂಟ ಎರಡೂ ದಿನಕ್ಕೆ 1 ಡಾಲರ್ 25 ಸೆಂಟು ಕೂಲಿ ಕೇಳಿದವು. ಜಪಾನೀಯರ ಪಟ್ಟಿ ಇನ್ನೂ ಉದ್ದ: 8 ಗಂಟೆಯ ದುಡಿಮೆ, ಬೋನಸ್ಸಿಗೆ 20ರ ಬದಲು 15 ದಿನದ ಹಾಜರಿ, ಬಾಣಂತಿಯರಿಗೆ ಕೂಲಿಸಹಿತ ರಜೆ.

ಜನವರಿ ಮೂರನೆಯ ವಾರ ಫಿಲಿಪಿನೊಗಳು ಕೆಲಸ ಬಿಟ್ಟರು. ಜಪಾನೀಯರಿಗೆ ಇನ್ನೂ ಸಿದ್ಧತೆ ಆಗಿರಲಿಲ್ಲ. ಅವರು ಸೇರಿದ್ದು ಫೆಬ್ರವರಿ 1ಕ್ಕೆ. ಒವಾಹು ದ್ವೀಪದಲ್ಲಿ ಒಟ್ಟು 8,300 ಆಳು ಹೊರಬಂದರು, ಅಂದರೆ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಪಾಲು. ಹವಾಯಿಯಲ್ಲಿ ಎರಡು ಜನಾಂಗಗಳು ಜೊತೆಗೂಡಿ ನಡೆಸಿದ ಮೊದಲ ದೊಡ್ಡ ಮುಷ್ಕರ ಇದು. ಆದರೆ ಜೊತೆಗೂಡಿದ್ದು ಸಂಘಗಳಲ್ಲ, ಆಳುಗಳು. ಜಪಾನೀಯರ ಬಳಿ ಮುಷ್ಕರ ನಿಧಿ ಇತ್ತು, ಫಿಲಿಪಿನೊಗಳ ಬಳಿ ಇಲ್ಲವೆನ್ನುವಷ್ಟು ಕಡಿಮೆ. ಫೆಬ್ರವರಿ ಎರಡನೆಯ ವಾರದ ಹೊತ್ತಿಗೆ ಮನ್ಲಪಿತ್, ಇದು ಜಪಾನೀಯರ ಸಂಚು ಎನ್ನುತ್ತ ಕೆಲಸಕ್ಕೆ ಮರಳಿ ಎಂದರು. ಬಹಳಷ್ಟು ಜನ ಮರಳಲಿಲ್ಲ. ಕೆಲ ದಿನಗಳಲ್ಲೇ ಅವರು ಮಾತು ಬದಲಿಸಿದರೂ ಮುರಿದ ನಂಬಿಕೆ ಕೂಡಲಿಲ್ಲ.

ಅಷ್ಟರಲ್ಲಿ ಮನೆಯ ಹಗ್ಗ ಬಿಗಿಯಿತು. ಹೆಂಗಸರು ಮಕ್ಕಳು ಸೇರಿ ಸುಮಾರು 12,000 ಜನರನ್ನು ಲೈನ್ ಮನೆಗಳಿಂದ ಹೊರಹಾಕಿದರು. ಹೊನೊಲುಲುವಿನ ಗುಡಿಗಳು, ಖಾಲಿ ಕಟ್ಟಡಗಳು, ಗುಡಾರಗಳೇ ಅವರ ಆಸರೆ. ಆಗ ಊರಿಗೆ ಇನ್‌ಫ್ಲುಯೆಂಜಾ ಬಡಿದಿತ್ತು. ಇಕ್ಕಟ್ಟಿನಲ್ಲಿ ಮಲಗಿದ್ದವರಲ್ಲಿ ಅನೇಕರು ಏಳಲಿಲ್ಲ. ಮುಷ್ಕರ ಮುರಿಯಲು ಬಂದ ಹವಾಯಿಯನ್, ಪೋರ್ಚುಗೀಸ್, ಕೊರಿಯನ್ ಆಳುಗಳಿಗೆ ಮಾತ್ರ 77 ಸೆಂಟಿನ ಹಲವು ಪಟ್ಟು ಕೂಲಿ ಸಿಕ್ಕಿತು. ಕೊಡಲು ದುಡ್ಡಿಲ್ಲ ಎಂಬ ಮಾತು ಎಷ್ಟು ನಿಜ ಎಂದು ಅಲ್ಲೇ ತಿಳಿಯಿತು.

ಇಷ್ಟಾದರೂ ಮಾಲೀಕರು ಬಗ್ಗದಿರಲು ಇನ್ನೊಂದು ಕಾರಣವಿತ್ತು. ಮುಷ್ಕರದ ತಂತ್ರವೆಂದರೆ ಒವಾಹುವಿನಲ್ಲಿ ಮಾತ್ರ ಕೆಲಸ ನಿಲ್ಲಿಸುವುದು, ಉಳಿದ ದ್ವೀಪಗಳ ಆಳುಗಳು ದುಡಿದು ಹಣ ಕಳಿಸುವುದು. ತೋಟಗಾರರ ಸಂಘವೂ ಅದನ್ನೇ ಮಾಡಿತು: ಒವಾಹು ತೋಟಗಳ ನಷ್ಟವನ್ನು ಎಲ್ಲ ತೋಟಗಳೂ ಹಂಚಿಕೊಂಡವು. ಎರಡೂ ಕಡೆ ಚಂದಾ ಎತ್ತಿದರೆ ಯಾರ ಜೇಬು ಮೊದಲು ಖಾಲಿಯಾಗುತ್ತದೆ ಎಂದು ಊಹಿಸಲು ಜ್ಯೋತಿಷ್ಯ ಬೇಡ. ಮಾಲೀಕರಿಗೆ ಸುಮಾರು 1 ಕೋಟಿ 20 ಲಕ್ಷ ಡಾಲರ್ ನಷ್ಟವಾಯಿತು, ಆದರೂ ತಡೆದುಕೊಂಡರು. ಜುಲೈ 1ಕ್ಕೆ ಮುಷ್ಕರ ಮುಗಿಯಿತು. ಆಮೇಲೆ ಮಾಲೀಕರೇ ಸದ್ದಿಲ್ಲದೆ ಕೂಲಿ ಏರಿಸಿದರು. ಸಂಘಕ್ಕೆ ಮಣಿದು ಕೊಟ್ಟದ್ದಲ್ಲ ಎಂದು ತೋರಿಸುವುದು ಅವರಿಗೆ ಹಣಕ್ಕಿಂತ ಮುಖ್ಯವಾಗಿತ್ತು.

ಹನಪೆಪೆ

ಸರ್ಕಾರವೂ ಸುಮ್ಮನಿರಲಿಲ್ಲ. 1919ರಲ್ಲಿ ಕ್ರಿಮಿನಲ್ ಸಿಂಡಿಕಲಿಸಂ ಕಾನೂನು (ಬಲಪ್ರಯೋಗದಿಂದ ವ್ಯವಸ್ಥೆ ಬದಲಿಸಿ ಎಂದು ಸಾರುವುದನ್ನು ಅಪರಾಧ ಮಾಡಿದ್ದು), 1921ರಲ್ಲಿ ‘ಅರಾಜಕ’ ಬರಹಗಳ ವಿರುದ್ಧ ಕಾನೂನು, 1923ರಲ್ಲಿ ಪಿಕೆಟಿಂಗ್ ನಿಷೇಧ. ತೋಟದ ಬಾಗಿಲಲ್ಲಿ ನಿಂತು ಕೆಲಸಕ್ಕೆ ಹೋಗಬೇಡಿ ಎನ್ನುವುದೇ ಅಪರಾಧವಾಯಿತು.

1924ರ ಏಪ್ರಿಲ್ 1ರಂದು ಮನ್ಲಪಿತ್ ನೇತೃತ್ವದ ‘ಹೆಚ್ಚು ಕೂಲಿ ಚಳವಳಿ’ ಮುಷ್ಕರ ಸಾರಿತು. ಆಗ ಮೂಲ ಕೂಲಿ ದಿನಕ್ಕೆ 1 ಡಾಲರ್. ಬೇಡಿಕೆ 2 ಡಾಲರ್ ಮತ್ತು 8 ಗಂಟೆಯ ದಿನ. ಈ ಬಾರಿ ಜಪಾನೀಯರು ದೂರ ಉಳಿದರು. ಎಲ್ಲ ತೋಟಗಳಲ್ಲೂ ಒಟ್ಟಿಗೆ ಹೊತ್ತಿಕೊಳ್ಳದೆ ಒಂದು ತಿಂಗಳು ಇಲ್ಲಿ, ಇನ್ನೊಂದು ತಿಂಗಳು ಅಲ್ಲಿ ಎಂಬಂತೆ ನಡೆಯಿತು. ಮುಷ್ಕರಕ್ಕೆ ಇಳಿದವರು ಬಹುಪಾಲು ವಿಸಾಯಾದವರು. ಹೊಸದಾಗಿ ಬಂದಿಳಿಯುತ್ತಿದ್ದವರು ಬಹುಪಾಲು ಇಲೊಕಾನೊಗಳು, ಅಂದರೆ ಇಲೊಕೊಸ್ ಸೀಮೆಯವರು. ಭಾಷೆ ಬೇರೆ, ಊರು ಬೇರೆ, ತೋಟದಲ್ಲಿ ಕ್ಯಾಂಪು ಬೇರೆ. ಜಪಾನಿ–ಫಿಲಿಪಿನೊ ಬಿರುಕು 1920ರಲ್ಲಿ ಮಾಡಿದ ಕೆಲಸವನ್ನು ಈ ಬಾರಿ ಫಿಲಿಪಿನೊಗಳೊಳಗಿನ ಬಿರುಕೇ ಮಾಡಿತು.

ಕವಾಯಿ ದ್ವೀಪದ ಹನಪೆಪೆಯಲ್ಲಿ ಒಂದು ಜಪಾನಿ ಶಾಲೆಯ ಕಟ್ಟಡ ಮುಷ್ಕರದವರ ನೆಲೆಯಾಗಿತ್ತು. ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಇಬ್ಬರು ಇಲೊಕಾನೊ ಹುಡುಗರನ್ನು ಅಲ್ಲಿ ಹಿಡಿದಿಟ್ಟುಕೊಂಡರು. 9ನೇ ತಾರೀಕು ಉಪ ಶೆರಿಫ್ ಬಂದೂಕುಧಾರಿಗಳ ಪಡೆಯೊಂದಿಗೆ ಬಂದು ಹುಡುಗರನ್ನು ಬಿಡಿಸಿಕೊಂಡು ಹೊರಟರು. ಮುಷ್ಕರದವರು ಕಬ್ಬು ಕಡಿಯುವ ಮಚ್ಚು ಹಿಡಿದು ಹಿಂದೆ ಬಂದರು. ಗುಂಡು ಹಾರಿತು. 16 ಮುಷ್ಕರದವರು, 4 ಪೊಲೀಸರು ಸತ್ತರು. ನೂರೊಂದು ಜನರನ್ನು ಬಂಧಿಸಿ, 60 ಜನರಿಗೆ ನಾಲ್ಕು ವರ್ಷ ಜೈಲು ವಿಧಿಸಿದರು. ಆ ದಿನ ಹನಪೆಪೆಯಲ್ಲಿ ಇಲ್ಲದ ಮನ್ಲಪಿತ್ ಬೇರೆ ಮೊಕದ್ದಮೆಯಲ್ಲಿ, ಸುಳ್ಳು ಸಾಕ್ಷಿ ಹೇಳಿಸಿದ ಆರೋಪದ ಮೇಲೆ ಜೈಲು ಸೇರಿದರು. 1927ರಲ್ಲಿ ಬಿಡುಗಡೆಯಾಯಿತು, ಹವಾಯಿ ಬಿಟ್ಟು ಹೋಗಬೇಕೆಂಬ ಷರತ್ತಿನ ಮೇಲೆ. ಸತ್ತವರನ್ನು ಹೂಳಿದ ಜಾಗ ಮರೆತೇಹೋಗಿತ್ತು. 2019ರಲ್ಲಿ ನೆಲದೊಳಗನ್ನು ತೋರಿಸುವ ರೇಡಾರ್ ಬಳಸಿ ಹನಪೆಪೆಯ ಫಿಲಿಪಿನೊ ಸ್ಮಶಾನದಲ್ಲಿ ಒಂದು ಉದ್ದನೆಯ ಕಂದಕದ ಗುರುತು ಹಿಡಿದರು.

ಹಗ್ಗ ಜಾರಿದ್ದು

1932ರ ಹೊತ್ತಿಗೆ ತೋಟದ ಆಳುಗಳಲ್ಲಿ ಶೇ. 70ರಷ್ಟು ಫಿಲಿಪಿನೊಗಳೇ. ಅಲ್ಲಿಯವರೆಗೂ ಮಾಲೀಕರ ದೊಡ್ಡ ಬಲ ಎಂದರೆ ಸಮುದ್ರ. ಒಬ್ಬ ಮುಷ್ಕರ ಹೂಡಿದರೆ ಮುಂದಿನ ಹಡಗಿನಲ್ಲಿ ಇಬ್ಬರು. 1934ರ ಟೈಡಿಂಗ್ಸ್–ಮ್ಯಾಕ್‌ಡಫಿ ಕಾನೂನು ಫಿಲಿಪೀನ್ಸಿಗೆ ಹತ್ತು ವರ್ಷದ ಬಳಿಕ ಸ್ವಾತಂತ್ರ್ಯದ ಮಾತು ಕೊಟ್ಟು, ಜೊತೆಗೇ ಫಿಲಿಪಿನೊ ವಲಸೆಯನ್ನು ವರ್ಷಕ್ಕೆ 50 ಜನಕ್ಕೆ ಇಳಿಸಿತು. ಕ್ಯಾಲಿಫೋರ್ನಿಯಾದ ಬಿಳಿಯರ ಫಿಲಿಪಿನೊ ದ್ವೇಷವೂ ಈ ಕಾನೂನಿನ ಹಿಂದಿತ್ತು. ಹವಾಯಿಗೆ ಬೇಕಾದರೆ ಆಳು ತರಿಸಿಕೊಳ್ಳುವ ವಿನಾಯಿತಿ ಉಳಿಸಿದ್ದರು. ಆದರೆ ಆರ್ಥಿಕ ಕುಸಿತದ ಆ ದಿನಗಳಲ್ಲಿ ಮಾಲೀಕರೇ ಸಾವಿರಾರು ಜನರನ್ನು ಊರಿಗೆ ಸಾಗಹಾಕುತ್ತಿದ್ದರು. ಒಟ್ಟಿನಲ್ಲಿ ಹಡಗು ನಿಂತಿತು. ಫಿಲಿಪಿನೊಗಳನ್ನು ಹೊರಗಿಡಲು ಮಾಡಿದ ಕಾನೂನು ಒಳಗಿದ್ದ ಫಿಲಿಪಿನೊಗಳ ಬೆಲೆ ಏರಿಸಿತು.

1937ರಲ್ಲಿ ಮಾವಿ ದ್ವೀಪದ ಪುಉನೆನೆಯಲ್ಲಿ ಇದು ಕಾಣಿಸಿತು. ಅಂತೋನಿಯೊ ಫಾಗೆಲ್ ಮುಂದಾಳುತನದ ‘ವಿಬೊರಾ ಲುವಿಮಿಂದಾ’ ಗುಟ್ಟಾಗಿ ಬೆಳೆದ ಸಂಘ. ವಿಬೊರಾ ಎಂದರೆ ಹಾವು, ಫಿಲಿಪಿನೊ ಕ್ರಾಂತಿಯ ಸೇನಾನಿ ಅರ್ತೆಮಿಯೊ ರಿಕಾರ್ತೆಯವರ ಅಡ್ಡಹೆಸರು. ಲುವಿಮಿಂದಾ ಎಂದರೆ ಲುಜೋನ್, ವಿಸಾಯಾ, ಮಿಂದನಾವೊ ಮೂರರ ಮೊದಲಕ್ಷರಗಳು. 1924ರ ಬಿರುಕಿಗೆ ಹೆಸರಿನಲ್ಲೇ ತೇಪೆ ಹಾಕಿದ್ದರು. ಮುಂದಾಳುಗಳನ್ನು ಅಪಹರಣದ ಆರೋಪದ ಮೇಲೆ ಹಿಡಿದರೂ ಮುಷ್ಕರ ಮುರಿಯಲಿಲ್ಲ, ಶೇ. 15ರಷ್ಟು ಕೂಲಿ ಏರಿತು. ಸಂಘವನ್ನು ಮಾತ್ರ ಮಾಲೀಕರು ಒಪ್ಪಲಿಲ್ಲ. ಒಂದೇ ಜನಾಂಗ ನಡೆಸಿದ ಕೊನೆಯ ದೊಡ್ಡ ಮುಷ್ಕರ ಅದು.

ಕಾನೂನಿನ ಹಗ್ಗ ಜಾರಿದ ಬಗೆ ಸ್ವಲ್ಪ ಸೂಕ್ಷ್ಮ. 1935ರ ವ್ಯಾಗ್ನರ್ ಕಾನೂನು ಅಮೆರಿಕದ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕು ಕೊಟ್ಟಿತು, ಆದರೆ ಬೇಸಾಯದ ಆಳುಗಳನ್ನು ಹೊರಗಿಟ್ಟಿತು. ಬಂದರು ಕಾರ್ಮಿಕರ ಸಂಘವಾದ ಐಎಲ್‌ಡಬ್ಲ್ಯುಯು 1944ರಲ್ಲಿ ತೋಟಗಳಿಗೆ ಕಾಲಿಟ್ಟಾಗ ಕೇಳಿದ ಪ್ರಶ್ನೆ: ಬೇಸಾಯ ಎಲ್ಲಿ ಮುಗಿಯುತ್ತದೆ? ಗಿರಣಿಯಲ್ಲಿ ರಸ ಕಾಯಿಸುವವನು, ತೋಟದ ರೈಲು ಓಡಿಸುವವನು ರೈತನೇ? ಹೀಗೆ ಗಿರಣಿಯವರನ್ನು ಮೊದಲು ಸೇರಿಸಿಕೊಂಡಿತು. ಹೊಲದವರಿಗಾಗಿ ದ್ವೀಪದ ಶಾಸನಸಭೆಯಿಂದ 1945ರಲ್ಲಿ ಬೇರೆಯೇ ಕಾನೂನು ಮಾಡಿಸಿತು. ಅದಕ್ಕೆ ‘ಪುಟ್ಟ ವ್ಯಾಗ್ನರ್’ ಎಂದು ಅಡ್ಡಹೆಸರು. ಇಲ್ಲಿ ಜಪಾನೀಯರ ಜೊತೆ ಬೇಕಾಯಿತು. ಫಿಲಿಪಿನೊಗಳಿಗೆ ಓಟಿರಲಿಲ್ಲ, ಹವಾಯಿಯಲ್ಲೇ ಹುಟ್ಟಿದ ಜಪಾನಿ ಮಕ್ಕಳಿಗೆ ಇತ್ತು.

79 ದಿನ

ಯುದ್ಧ ಮುಗಿಯಿತು, ಫಿಲಿಪೀನ್ಸ್ 1946ರ ಜುಲೈ 4ಕ್ಕೆ ಸ್ವತಂತ್ರವಾಗಲಿತ್ತು. ಬಾಗಿಲು ಪೂರ್ತಿ ಮುಚ್ಚುವ ಮೊದಲು ಮಾಲೀಕರು ಹಳೆಯ ವಿನಾಯಿತಿ ಹಿಡಿದು 6,000 ಗಂಡಸರು, 446 ಹೆಂಗಸರು, 915 ಮಕ್ಕಳನ್ನು ತರಿಸಿದರು. ಮುಷ್ಕರ ಬಂದರೆ ಇವರಿದ್ದಾರೆ ಎಂಬ ಲೆಕ್ಕ. ಆದರೆ ‘ಮೌನವಿಲಿ’ ಹಡಗಿನ ಕೆಲಸಗಾರರೇ ಯೂನಿಯನ್ನಿನವರು. ದಡ ಸೇರುವ ಮೊದಲೇ ಹೊಸಬರು ಸದಸ್ಯರಾಗಿದ್ದರು.

ಸೆಪ್ಟೆಂಬರ್ 1ರಂದು 34 ತೋಟಗಳ ಪೈಕಿ 33ರಲ್ಲಿ ಕೆಲಸ ನಿಂತಿತು. ಹೊರಬಂದವರು 26,000 ಆಳು. 1920ರ ತಪ್ಪುಗಳನ್ನೆಲ್ಲ ಒಂದೊಂದಾಗಿ ತಿದ್ದಿದ್ದರು. ಎಲ್ಲ ದ್ವೀಪಗಳೂ ಒಟ್ಟಿಗೆ ನಿಂತದ್ದರಿಂದ ನಷ್ಟ ಹಂಚಿಕೊಳ್ಳಲು ಮಾಲೀಕರಿಗೆ ಬೇರೆ ತೋಟವೇ ಇರಲಿಲ್ಲ. ಎಲ್ಲ ಜನಾಂಗಗಳಿಗೂ ಒಂದೇ ಯೂನಿಯನ್, ಸಭೆಯಲ್ಲಿ ಮಾತು ಇಂಗ್ಲಿಷ್, ಇಲೊಕಾನೊ, ಜಪಾನಿ ಮೂರರಲ್ಲೂ. ಮನೆಯಿಂದ ಹೊರಹಾಕಿದರೆ ಆ ಜಾಗಕ್ಕೆ ತುಂಬುವುದು ಯಾರನ್ನು? ಕ್ಯಾಂಪುಗಳಲ್ಲಿ ಸಾಮೂಹಿಕ ಅಡುಗೆಮನೆ ನಡೆಯಿತು. ಮೀನು ಹಿಡಿಯಲು ಒಂದು ಸಮಿತಿ, ಬೇಟೆಗೆ ಒಂದು, ತರಕಾರಿ ಬೆಳೆಯಲು ಒಂದು, ಅಂಗಡಿಗಳಿಂದ ದವಸ ಬೇಡಿ ತರಲು ಇನ್ನೊಂದು. ಕೈಯಲ್ಲಿ ಕಾಸಿಲ್ಲದಿದ್ದರೂ ಒಲೆ ಆರಲಿಲ್ಲ.

ಬೆಳೆಯ ಸ್ವಭಾವವೂ ಕೈಹಿಡಿಯಿತು. ಹವಾಯಿಯ ಕಬ್ಬು ಕಟಾವಿಗೆ ಬರಲು 18ರಿಂದ 24 ತಿಂಗಳು ಬೇಕಿತ್ತು. ನಿಂತ ಕಬ್ಬು ಕೆಲವು ವಾರ ಕಾಯುತ್ತದೆ, ಆದ್ದರಿಂದ ಕಡಿಯುವವರ ಮುಷ್ಕರ ಮಾತ್ರವಾದರೆ ಮಾಲೀಕನಿಗೆ ಅಷ್ಟು ಚುರುಕು ಮುಟ್ಟದು. ನೀರು ಹಾಯಿಸುವವನೂ ಗುದ್ದಲಿ ಕೆಳಗಿಟ್ಟರೆ ಈ ವರ್ಷದ ಬೆಳೆಯಷ್ಟೇ ಅಲ್ಲ, ಮುಂದಿನ ವರ್ಷದ್ದೂ ಒಣಗುತ್ತದೆ. 79 ದಿನದಲ್ಲಿ ಆದದ್ದು ಅದೇ.

ನವೆಂಬರಿನಲ್ಲಿ ಒಪ್ಪಂದವಾಯಿತು. ಕೇಳಿದ್ದೆಲ್ಲ ಸಿಗಲಿಲ್ಲ, ಕೆಲಸಕ್ಕಿರುವವರೆಲ್ಲ ಯೂನಿಯನ್ ಸದಸ್ಯರಾಗಿರಬೇಕೆಂಬ ಬೇಡಿಕೆ ಬಿಟ್ಟುಕೊಡಬೇಕಾಯಿತು. ಆದರೆ ‘ಪುಕ್ಕಟೆ’ ಮನೆ, ಸೌದೆ, ಆಸ್ಪತ್ರೆ ಎಲ್ಲ ನಗದು ಕೂಲಿಯಾಗಿ ಬದಲಾಯಿತು. ಅಂದಿನಿಂದ ಆಳು ಮನೆಗೆ ಬಾಡಿಗೆ ಕೊಡಬೇಕಾಯಿತು. ಗಂಟೆಗೆ ಕೆಲವು ಸೆಂಟು ಹೆಚ್ಚು ಪಡೆದು ಬಾಡಿಗೆ ಕಟ್ಟುವುದರಲ್ಲಿ ಏನು ಗೆಲುವು ಎಂದು ಕೇಳುವವರು 1920ರ ಫೆಬ್ರವರಿಯನ್ನು ನೆನೆಯಬೇಕು. ಬಾಡಿಗೆ ಕೊಡುವವನನ್ನು ಮುಷ್ಕರ ಹೂಡಿದ್ದಕ್ಕೆ ಬೀದಿಗೆ ತಳ್ಳುವುದು ಅಷ್ಟು ಸಲೀಸಲ್ಲ.

ಅನಾನಸ್ ತೋಟಗಳ ಕತೆ ತುಸು ಬೇರೆ. ಹಣ್ಣಾದ ಅನಾನಸ್ ಕಾಯುವುದಿಲ್ಲ. 1947ರಲ್ಲಿ ಆತುರಕ್ಕೆ ಬಿದ್ದು ಹೂಡಿದ ಮುಷ್ಕರ ಐದೇ ದಿನಕ್ಕೆ ಕುಸಿದಿತ್ತು. 1951ರಲ್ಲಿ ಲನಾಯಿ ದ್ವೀಪದ ಆಳುಗಳು, ಬಹುಪಾಲು ಫಿಲಿಪಿನೊಗಳು, ಪೆದ್ರೊ ದೆ ಲಾ ಕ್ರೂಸ್ ಮುಂದಾಳುತನದಲ್ಲಿ ತಾವಷ್ಟೇ ನಿಂತರು. ಇಡೀ ದ್ವೀಪವೇ ಒಂದು ತೋಟ. ಹಣ್ಣು ಹೊಲದಲ್ಲೇ ಕೊಳೆಯಿತು. 201 ದಿನದ ಬಳಿಕ ಗಂಟೆಗೆ 15 ಸೆಂಟು ಹೆಚ್ಚಳ ಪಡೆದರು. ಮುಷ್ಕರ ಹೂಡದ ಉಳಿದ ಅನಾನಸ್ ತೋಟಗಳಿಗೂ ಹೆಚ್ಚಳ ಸಿಕ್ಕಿತು.

ಕೂಲಿ ಏರಿದಂತೆ ಮಾಲೀಕರು ಯಂತ್ರದತ್ತ ತಿರುಗಿದರು. ಹೊರೆ ಹೊರುವ ಹಾಪಯ್ ಕೊ ಹೋಗಿ ಕ್ರೇನು, ಲಾರಿ ಬಂದವು. ಮೂವತ್ತರ ದಶಕದ ಆರಂಭದಲ್ಲಿ 50,000ದ ಆಸುಪಾಸು ಇದ್ದ ಆಳುಗಳ ಸಂಖ್ಯೆ ಇಳಿಯುತ್ತಲೇ ಹೋಯಿತು, ತೋಟಗಳು ಒಂದೊಂದಾಗಿ ಮುಚ್ಚಿದವು. ಹವಾಯಿಯ ಕೊನೆಯ ಕಬ್ಬಿನ ಕಟಾವು 2016ರ ಡಿಸೆಂಬರಿನಲ್ಲಿ ನಡೆದದ್ದು ಮಾವಿಯಲ್ಲಿ, ವಿಬೊರಾ ಲುವಿಮಿಂದಾ ಎದ್ದುನಿಂತಿದ್ದ ಅದೇ ಪುಉನೆನೆಯಲ್ಲಿ.